14 ಹಾಸಿಗೆ, 2 ಸ್ಪೀಕರ್, ಒಂದು ಬ್ಯಾಂಡ್: ನನ್ನ ಅನುಭವ

ಅಮೆರಿಕದ ಪ್ರಯೋಗಶೀಲ ಬ್ಯಾಂಡ್ ‘ಶೂ ಶೂ’ವನ್ನು (Xiu Xiu) ಕುಳಿತು ಕೇಳಲು ದಾವಣಗೆರೆಯಲ್ಲಿ ಹತ್ತು ಜನ ಸಿಗುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಈಗ ಪ್ರತಿ ಎರಡನೇ ಶನಿವಾರ ರಾತ್ರಿ 16–17 ಜನ ಬರುತ್ತಾರೆ. ಕಳೆದ ಬಾರಿ ಹರಿಹರದಿಂದಲೂ ಇಬ್ಬರು ಬಂದಿದ್ದರು. ಕೇಳುಗರ ಕೂಟ ನಡೆಸುವ ಗೆಳೆಯರು ಇದನ್ನು ಹೇಗೆ ಸಾಧಿಸಿದೆ ಎಂದು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಮೊದಲ ಸೋಲು ದುಬಾರಿಯಾಗಿತ್ತು. ಸಣ್ಣ ಸಭಾಂಗಣಕ್ಕೆ ಎರಡೂವರೆ ಸಾವಿರ, ಮದುವೆಗೆ ಕೊಡುವ ದೊಡ್ಡ ಸ್ಪೀಕರ್‌ಗಳಿಗೆ ಸುಮಾರು ಮೂರು ಸಾವಿರ ಬಾಡಿಗೆ ಕೊಟ್ಟು, 2004ರ ‘ಫ್ಯಾಬ್ಯುಲಸ್ ಮಸಲ್ಸ್’ ಆಲ್ಬಮನ್ನು ಮೊದಲಿನಿಂದ ಹಾಕಿದೆ. ಬ್ಯಾಂಡಿನಲ್ಲಿ ಹಾಡುವ ಜೇಮಿ ಸ್ಟುವರ್ಟ್ ಪಿಸುಗುಟ್ಟಿದ್ದು ಹಿಂದಿನ ಸಾಲಿಗೆ ಮುಟ್ಟಲಿಲ್ಲ. ‘ಜೋರು ಮಾಡಿ’ ಎಂದರು, ಮಾಡಿದೆ. ಸ್ವಲ್ಪ ಹೊತ್ತಿಗೆ ಅದೇ ಗಂಟಲು ಕಿರುಚಿತು. ನಲವತ್ತು ಜನರಲ್ಲಿ ಕೊನೆಗೆ ಉಳಿದವರು ಆರು. ಮೈಕ್‌ಸೆಟ್ ಅಂಗಡಿಯ ಹುಡುಗ ಓಡಿಬಂದು, ‘ಅಣ್ಣಾ, ಸ್ಪೀಕರ್ ಕೋನ್ ಹರಿದಿದೆ’ ಎಂದ. ಹರಿದಿರಲಿಲ್ಲ. ಹಾಡಿನಲ್ಲಿರುವ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಸದ್ದೇ ಹಾಗೆ.

ಎರಡನೆಯ ಬಾರಿ ಸಾಹಿತ್ಯವನ್ನು ಕನ್ನಡಕ್ಕೆ ತಂದು ಜೆರಾಕ್ಸ್ ಮಾಡಿಸಿ ಹಂಚಿದೆ. ಇನ್ನೂ ಕೆಟ್ಟಿತು. ಸಾವು, ಮನೆಯೊಳಗಿನ ಹಿಂಸೆ, ದೇಹದ ನಾಚಿಕೆ ಎಲ್ಲವೂ ಕಾಗದದ ಮೇಲೆ ಚರ್ಚೆಯ ವಿಷಯವಾಗಿಬಿಟ್ಟವು. ಎಲ್ಲರೂ ಓದಿದರು, ಯಾರೂ ಕೇಳಲಿಲ್ಲ.

ತಪ್ಪು ಎಲ್ಲಿದೆ ಎಂದು ತಿಳಿಯಲು ನನಗೆ ಐದಾರು ತಿಂಗಳು ಬೇಕಾಯಿತು. ನಾವೆಲ್ಲ ಹಾಡಿನ ಆರಂಭಕ್ಕೆ ತಕ್ಕಂತೆ ಧ್ವನಿಯ ಮಟ್ಟ ಇಡುತ್ತೇವೆ. ಈ ಬ್ಯಾಂಡಿಗೆ ಅದು ಸಲ್ಲದು. ಕಿರುಚುವ ಜಾಗವನ್ನು ಮೊದಲು ಹಾಕಿ, ಕಿವಿ ತಾಳುವಷ್ಟಕ್ಕೆ ನಿಲ್ಲಿಸಿ, ಆಮೇಲೆ ಗುಂಡಿಯನ್ನು ಮುಟ್ಟಲೇಬಾರದು. ಪಿಸುಮಾತು ಕೇಳದಿದ್ದರೆ ಜನರನ್ನೇ ಹತ್ತಿರಕ್ಕೆ ಕರೆಯಬೇಕು. ನಾನು ಏಳೆಂಟು ಅಡಿಯೊಳಗೆ ಚಾಪೆ ಹಾಸುತ್ತೇನೆ, ಫ್ಯಾನ್ ಆರಿಸುತ್ತೇನೆ. ಮಾರ್ಚ್‌ನಿಂದ ಮೇವರೆಗೆ ಕೂಟವೇ ಇಲ್ಲ.

ಜಾಗ, ಮಂಡಕ್ಕಿ ಭಟ್ಟಿಗಳ ಕಡೆ ಗೆಳೆಯರೊಬ್ಬರ ಖಾಲಿ ಗೋದಾಮು. ತಗಡಿನ ಚಾವಣಿ, ಚಪ್ಪಾಳೆ ತಟ್ಟಿದರೆ ಮೂರು ಸಲ ಮರಳಿ ಕೇಳುತ್ತಿತ್ತು. ಗೋಡೆಗೆ ಹಚ್ಚುವ ಫೋಮ್‌ಗೆ ಬೆಂಗಳೂರಿನವರು 28 ಸಾವಿರ ಕೇಳಿದರು. ಹತ್ತಿ ಗಿರಣಿಗಳಿಂದ ಹೆಸರಾದ ಊರಿನಲ್ಲಿ ಫೋಮ್ ಏಕೆ? ಹಾಸಿಗೆ ಹೊಲಿಯುವವರಿಂದ ಹಳೆಯ ಹತ್ತಿ ಹಾಸಿಗೆ 14 ತಂದೆ, ಒಂದಕ್ಕೆ 200 ರೂಪಾಯಿಯಂತೆ. ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗುಹಾಕಿದ ಮೇಲೆ ಕೋಣೆಯ ಮರುದನಿ ತಣ್ಣಗಾಯಿತು. ದುಡ್ಡು ಸುರಿದವರ ಕೋಣೆಗಳನ್ನೂ ಕೇಳಿದ್ದೇನೆ, ನನ್ನದು ಅವಕ್ಕಿಂತ ಕಡಿಮೆಯಿಲ್ಲ.

ಮೊದಲ ಹಾಡಾಗಿ 2003ರ ‘ಎ ಪ್ರಾಮಿಸ್’ ಆಲ್ಬಮಿನಿಂದ, ಅಮೆರಿಕದ ಗಾಯಕಿ ಟ್ರೇಸಿ ಚಾಪ್ಮನ್ ಅವರ 1988ರ ‘ಫಾಸ್ಟ್ ಕಾರ್’ ಹಾಡನ್ನು ಇವರು ಮತ್ತೆ ಹಾಡಿರುವುದನ್ನು ಹಾಕಿದೆ. ಮೂಲ ಗೊತ್ತಿದ್ದವರು ಮುಂದಕ್ಕೆ ಬಾಗಿದರು. ಒಂದು ಕೂಟಕ್ಕೆ ನಾಲ್ಕೇ ಹಾಡು. ಮೂರನೆಯದು ಯಾವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಕೇಳಿ.

ಆ ದಿನ ಜಗಳೂರಿನ ನನ್ನ ಚಿಕ್ಕಮ್ಮ ಬೀಗದ ಕೈ ಕೊಡಲು ಬಂದವರು ಬಾಗಿಲಲ್ಲೇ ನಿಂತರು. ಹಾಡು ಮುಗಿದ ಮೇಲೆ ಮೆಲ್ಲಗೆ ಕೇಳಿದರು: ‘ಯಾರು ತೀರಿಕೊಂಡರಂತೆ?’

ನಮ್ಮ ಕಡೆ ಹೆಂಗಸರು ಸತ್ತವರ ಗುಣಗಳನ್ನು ಹಾಡಿಕೊಂಡು ಅಳುತ್ತಾರೆ. ದನಿ ಒಡೆಯುತ್ತದೆ, ಉಸಿರು ಕಟ್ಟುತ್ತದೆ, ಶ್ರುತಿ ತಪ್ಪಿತೆಂದು ಯಾರೂ ಮುಖ ಸಿಂಡರಿಸುವುದಿಲ್ಲ. ಅಳುವನ್ನು ಒರೆಸಿ, ತಲೆ ಬಾಚಿ, ಆಮೇಲೆ ಜನರ ಮುಂದೆ ತರುವುದು ಉಳಿದ ಸಂಗೀತ. ಶೂ ಶೂ ಹಾಗೆ ತರುವುದಿಲ್ಲ. ಹತ್ತು ವರ್ಷಗಳಿಂದ ನಾನು ಈ ಬ್ಯಾಂಡನ್ನು ಬಿಡಲಾರದೆ ಇದ್ದದ್ದು ಅದಕ್ಕೇ ಎಂದು ಚಿಕ್ಕಮ್ಮನ ಆ ಒಂದು ಪ್ರಶ್ನೆಯಿಂದ ನನಗೆ ಸ್ಪಷ್ಟವಾಯಿತು.

ನಡುವೆ ಇನ್ನೊಂದು ಪ್ರಯೋಗಕ್ಕೆ ಎರಡು ತಿಂಗಳು ಕಳೆದೆ. ಇವರು ಗಂಟೆ, ಗಾಂಗ್‌ಗಳನ್ನು ಧಾರಾಳವಾಗಿ ಬಳಸುತ್ತಾರಲ್ಲ, ನಮ್ಮ ಸಮಾಳ ಎಂಬ ಚರ್ಮವಾದ್ಯ ಮತ್ತು ಜಾಗಟೆಯನ್ನು ಧ್ವನಿಮುದ್ರಿಸಿ ಹಾಡುಗಳ ನಡುವೆ ಕೇಳಿಸಿದೆ. ಸಮಾಳದ ಗುಂಗನ್ನು ಹತ್ತಿ ನುಂಗಿಬಿಟ್ಟಿತು. ಜಾಗಟೆ ಮಾತ್ರ ಕೈಹಿಡಿಯಿತು: ಒಂದೇ ಪೆಟ್ಟು, ಅದರ ನಾದ ಪೂರ್ತಿ ಅಡಗುವವರೆಗೆ ಕಾದರೆ ಕಿವಿ ತಾನಾಗಿ ಪಿಸುಮಾತಿಗೆ ತೆರೆದುಕೊಳ್ಳುತ್ತದೆ. ಜಾಗಟೆಯನ್ನು ಎಲ್ಲಿಟ್ಟು ಬಾರಿಸುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಹಳೆಯ ಸ್ಪೀಕರ್ ಜೋಡಿ, ಆಂಪ್ಲಿಫೈಯರ್ ಸೇರಿ 11 ಸಾವಿರ. ಎಲ್ಲ ಕೂಡಿ ಒಂದೂವರೆ ವರ್ಷದಲ್ಲಿ ಇಪ್ಪತ್ತು ಸಾವಿರದ ಆಸುಪಾಸು ಹೋಗಿದೆ. ಬಾಗಿಲ ಬಳಿಯ ಡಬ್ಬಿಯಲ್ಲಿ ತಿಂಗಳಿಗೆ ಐನೂರು ಆರುನೂರು ಬೀಳುತ್ತದೆ, ಮಂಡಕ್ಕಿ ಮೆಣಸಿನಕಾಯಿಗೆ ಸಾಕು. ಅದೂ ಕೊನೆಗೆ ಮಾತ್ರ, ಹಾಡಿನ ನಡುವೆ ಕುರುಕುವಂತಿಲ್ಲ.

ಕೋನ್ ಹರಿದಿದೆ ಎಂದಿದ್ದ ಹುಡುಗ ಈಗ ಎಡಗಡೆಯ ಸ್ಪೀಕರಿನ ಪಕ್ಕದಲ್ಲೇ ಕೂರುತ್ತಾನೆ. ಮುಂದಿನ ತಿಂಗಳು ಅಮೆರಿಕದ ಗಾಯಕಿ ನೀನಾ ಸಿಮೋನ್ ಹಾಡಿದ ಹಾಡುಗಳನ್ನು ಶೂ ಶೂ ಮತ್ತೆ ಹಾಡಿರುವ 2013ರ ಆಲ್ಬಮನ್ನು ಹಾಕಲೇಬೇಕೆಂದು ಅವನದೇ ಒತ್ತಾಯ. ಅದರಲ್ಲಿ ಸ್ಯಾಕ್ಸೊಫೋನ್ ಇದೆ, ಮಟ್ಟವನ್ನು ಹೊಸದಾಗಿ ಹಿಡಿಯಬೇಕು. ಗುರುವಾರ ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಗೋದಾಮಿಗೆ ಹೋಗುತ್ತಿದ್ದೇವೆ.