ಚರ್ಮದ ಕೈಕೆಲಸ: ಚೂರಿನ ಮೇಲೆ ಅಭ್ಯಾಸ, ಹಿಂಬದಿ ತೋರಿಸಿ ಸಲಹೆ

ಪರ್ಸಿನ ಮೇಲೆ ಪರ್ಸ್ ಹೊಲಿಯುತ್ತ ಹೋದರೆ ಕೈ ಪಳಗುತ್ತದೆ, ನಿಜ. ಜೊತೆಗೆ ತಪ್ಪೂ ಪಳಗುತ್ತದೆ. ಕತ್ತರಿಸುವುದು, ಅಂಟಿಸುವುದು, ತೂತು ಹೊಡೆಯುವುದು, ಹೊಲಿಯುವುದು, ಅಂಚು ತಿಕ್ಕುವುದು ಎಲ್ಲ ಒಂದರಲ್ಲೇ ಸೇರಿರುವುದರಿಂದ, ಕೊನೆಗೆ ಏನೋ ವಕ್ರವಾಗಿ ಕಂಡರೆ ಕೆಟ್ಟದ್ದು ಎಲ್ಲಿ ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಒಂದೊಂದನ್ನೇ ಬಿಡಿಸಿಕೊಂಡು ಚೂರು ಚರ್ಮದ ಮೇಲೆ ಮಾಡಿ.

ಅಭ್ಯಾಸದ ಚೂರಿಗೆ ಸುಮಾರು 1.5 ಮಿ.ಮೀ. ದಪ್ಪದ ವೆಜಿಟೆಬಲ್ ಟ್ಯಾನ್ (ಮರದ ತೊಗಟೆಯಂಥ ಸಸ್ಯದ ಒಗರಿನಿಂದ ಹದ ಮಾಡಿದ) ಚರ್ಮ ಆರಿಸಿ. ಹೊಟ್ಟೆಯ ಭಾಗದ ಚರ್ಮ ಹಿಗ್ಗುತ್ತದೆ, ಅದರ ಮೇಲೆ ಕಲಿತರೆ ದೋಷ ಕೈಯದೋ ಚರ್ಮದ್ದೋ ತಿಳಿಯದು. ಕ್ರೋಮ್ ಟ್ಯಾನ್ (ಕ್ರೋಮಿಯಂ ಲವಣದಿಂದ ಹದ ಮಾಡಿದ) ಚರ್ಮದ ಅಂಚು ಎಷ್ಟು ತಿಕ್ಕಿದರೂ ಸರಿಯಾಗಿ ಹೊಳೆಯುವುದಿಲ್ಲ, ಅದಕ್ಕೆ ಅಂಚಿನ ಬಣ್ಣವೇ ಬೇಕು. ಕತ್ತರಿಸುವಾಗ ಬ್ಲೇಡು ಮೊಂಡಾಗಿದ್ದರೆ ಮುಂದಿನದೆಲ್ಲ ವ್ಯರ್ಥ. ಒಂದೇ ಏಟಿಗೆ ಒತ್ತಿ ಕೊಯ್ದರೆ ಸ್ಕೇಲು ಜಾರುತ್ತದೆ. ಹಗುರವಾಗಿ ಎರಡು ಮೂರು ಸಲ ಎಳೆಯಿರಿ, ಬ್ಲೇಡು ನೆಟ್ಟಗೆ ನಿಂತಿರಲಿ.

ಹೊಲಿಗೆಯ ಅಭ್ಯಾಸಕ್ಕೆ 10 ಸೆಂ.ಮೀ. ಉದ್ದದ ಎರಡು ಪಟ್ಟಿಗಳನ್ನು ಅಂಟಿಸಿ. ಅಂಚಿನಿಂದ 3 ಮಿ.ಮೀ. ಒಳಗೆ ಗೆರೆ ಎಳೆದು, 4 ಮಿ.ಮೀ. ಅಂತರದ ಹಲ್ಲುಳಿಯಿಂದ (ಸಾಲಾಗಿ ಹಲ್ಲುಗಳಿರುವ ಉಳಿ) ತೂತು ಹೊಡೆಯಿರಿ. ಮುಂದಿನ ಏಟಿಗೆ ಮೊದಲ ಹಲ್ಲನ್ನು ಹಿಂದಿನ ಕೊನೆಯ ತೂತಿನಲ್ಲೇ ಕೂರಿಸಿದರೆ ಅಂತರ ತಪ್ಪದು. ಮುಂಬದಿ ನೇರವಿದ್ದು ಹಿಂಬದಿಯ ತೂತುಗಳು ಹಾವಿನಂತೆ ಹರಿದಿದ್ದರೆ ಉಳಿ ವಾಲಿದೆ ಎಂದರ್ಥ. ಹೊಡೆಯುವಾಗ ಉಳಿಯನ್ನು ಪಕ್ಕದಿಂದಲೂ ನೋಡಿ.

ದಾರ 0.6 ಮಿ.ಮೀ. ಇರಲಿ. ಹೊಲಿಗೆಯ ನಾಲ್ಕರಷ್ಟು ಉದ್ದ, ಜೊತೆಗೆ ಹಿಡಿಯಲು 30 ಸೆಂ.ಮೀ., ಅಂದರೆ ಈ ಪಟ್ಟಿಗೆ 70 ಸೆಂ.ಮೀ. ಎರಡು ತುದಿಗೂ ಸೂಜಿ ಪೋಣಿಸಿ ಸ್ಯಾಡಲ್ ಹೊಲಿಗೆ ಹಾಕಿ, ಅಂದರೆ ಪ್ರತಿ ತೂತಿನಲ್ಲೂ ಎರಡು ಸೂಜಿಗಳು ಎದುರುಬದುರು ಕಡೆಯಿಂದ ಹಾಯಲಿ. ಹೊಲಿಗೆಯ ಓರೆ ಒಂದೇ ಸಮ ಬರುವ ಗುಟ್ಟು ಬಲದಲ್ಲಿಲ್ಲ, ಕ್ರಮದಲ್ಲಿದೆ: ಯಾವ ಕಡೆಯ ಸೂಜಿ ಮೊದಲು, ಎರಡನೆಯದು ಆ ದಾರದ ಮೇಲಿಂದಲೋ ಕೆಳಗಿಂದಲೋ, ಎರಡೂ ದಾರ ಎಳೆಯುವ ದಿಕ್ಕು ಯಾವುದು. ಇವು ಪ್ರತಿ ತೂತಿನಲ್ಲೂ ಒಂದೇ ಆಗಿರಬೇಕು. ನಡುವೆ ಒಂದು ತೂತಿನಲ್ಲಿ ಕ್ರಮ ತಪ್ಪಿದರೂ ಆ ಹೊಲಿಗೆ ಮಾತ್ರ ಬೇರೆ ರೀತಿ ಮಲಗುತ್ತದೆ. ಎರಡನೆಯ ಸೂಜಿ ತೂರಿಸುವಾಗ ಮೊದಲ ದಾರವನ್ನು ಹಿಂದಕ್ಕೆ ಎಳೆದು ನೋಡಿ. ಸಲೀಸಾಗಿ ಜಾರಿದರೆ ಸರಿ, ಬಿಗಿಯಿದ್ದರೆ ಸೂಜಿ ದಾರವನ್ನೇ ಚುಚ್ಚಿದೆ. ಬಿಗಿತವೂ ಸಮವಿರಲಿ, ಹೆಚ್ಚು ಎಳೆದರೆ ಚರ್ಮ ನೆರಿಗೆಯಾಗಿ ತೂತು ಹಿಗ್ಗುತ್ತದೆ.

ಅಂಚಿಗೆ: ಎರಡು ಪದರವನ್ನೂ ಒಟ್ಟಿಗೆ ಕೊಯ್ದು ಸಮ ಮಾಡಿ, 220, 400, 600 ನಂಬರಿನ ಉಪ್ಪುಕಾಗದದಲ್ಲಿ ಅನುಕ್ರಮವಾಗಿ ಉಜ್ಜಿ, ಅಂಚಿನ ಮೇಲೆ ಕೆಳಗಿನ ಚೂಪು ಏಣನ್ನು ಹೆರೆದು, ಒದ್ದೆ ಬಟ್ಟೆಯಿಂದ ತುಸು ಸವರಿ, ಮರದ ತಿಕ್ಕುಗೋಲಿನಿಂದ ತಿಕ್ಕಿ. ನೀರು ಜಾಸ್ತಿಯಾಗಿ ಮೇಲೆ ಒತ್ತಿ ತಿಕ್ಕಿದರೆ ಅಂಚು ಅಣಬೆಯಂತೆ ಹೊರಚಾಚುತ್ತದೆ. ಪದರಗಳ ನಡುವೆ ಗೆರೆ ಉಳಿದರೆ ಅಂಟು ಅಂಚಿನವರೆಗೆ ತಲುಪಿಲ್ಲ, ಅಥವಾ 220ರಲ್ಲಿ ಉಜ್ಜಿದ್ದು ಸಾಲದು. ಹೊಳಪು ಹಚ್ಚಿ ಮುಚ್ಚಲು ಹೋಗಬೇಡಿ, ಇನ್ನೂ ಎದ್ದು ಕಾಣುತ್ತದೆ.

ಪ್ರತಿ ಚೂರಿನ ಹಿಂದೆ ದಿನಾಂಕ, ದಾರದ ಅಳತೆ, ಈ ಸಲ ಬದಲಿಸಿದ ಒಂದೇ ಒಂದು ಸಂಗತಿಯನ್ನು ಬರೆದಿಡಿ. ದಾರವನ್ನೂ ಉಳಿಯನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಫಲ ಸಿಕ್ಕಿತೆಂದು ತಿಳಿಯುವುದಿಲ್ಲ.

ಇನ್ನು ಬಲ್ಲವರನ್ನು ಕೇಳುವ ಬಗೆ. ‘ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. ‘ಹಿಂಬದಿಯ ಓರೆ ಏಕೆ ಮಾಸುತ್ತಿದೆ?’ ಎಂದು ಕೇಳಿ. ಮುಂಬದಿ, ಹಿಂಬದಿ, ಅಂಚು ಮೂರನ್ನೂ ತೋರಿಸಿ. ಹಿಂಬದಿಯನ್ನು ಬಚ್ಚಿಟ್ಟರೆ ಸಲಹೆ ಅರ್ಧಕ್ಕೇ ನಿಲ್ಲುತ್ತದೆ. ಫೋಟೋ ಆದರೆ ಬೆಳಕು ಪಕ್ಕದಿಂದ ಬೀಳಲಿ, ಉಬ್ಬುತಗ್ಗು ಆಗಲೇ ಕಾಣುವುದು. ಪಕ್ಕದಲ್ಲಿ ಸ್ಕೇಲು ಇಡಿ. ಚರ್ಮದ ಬಗೆ, ದಪ್ಪ, ಹೊಲಿಗೆಯ ಅಂತರ ತಿಳಿಸಿ.

ಸಲಹೆ ಕೊಡುವವರಿಗೂ ಇದೇ ಅನ್ವಯ. ‘ಹೊಲಿಗೆ ಸರಿಯಿಲ್ಲ’ ಎನ್ನುವ ಬದಲು ‘ಐದರಿಂದ ಎಂಟನೆಯ ತೂತಿನವರೆಗೆ ಓರೆ ತಪ್ಪಿದೆ, ಸೂಜಿಯ ಕ್ರಮ ನೋಡಿ’ ಎಂದರೆ ಕೈಗೆ ಕೆಲಸ ಸಿಗುತ್ತದೆ. ಇಬ್ಬರು ಎರಡು ರೀತಿ ಹೇಳಿದರೆ ವಾದಕ್ಕಿಳಿಯದೆ ಒಂದೇ ಪಟ್ಟಿಯ ಅರ್ಧಕ್ಕೆ ಒಬ್ಬರದು, ಉಳಿದರ್ಧಕ್ಕೆ ಇನ್ನೊಬ್ಬರದು ಮಾಡಿ ನೋಡಿ.

ಸತತ ಮೂರು ಪಟ್ಟಿಗಳಲ್ಲಿ ಎರಡೂ ಬದಿ ಒಪ್ಪವಾಗಿ ಬಂದರೆ ಕಾರ್ಡ್ ಹೋಲ್ಡರಿಗೆ ಕೈ ಹಾಕಬಹುದು. ಅದರಲ್ಲಿ ಜೇಬಿನ ಬಾಯಂಚನ್ನು ಹೊಲಿಯುವ ಮುಂಚೆಯೇ ತಿಕ್ಕಿ ಮುಗಿಸಿ, ಆಮೇಲೆ ತಿಕ್ಕುಗೋಲು ಅಲ್ಲಿಗೆ ಹೋಗುವುದಿಲ್ಲ.