ಮೊಣಕಾಲುದ್ದದ ಅಲೆಗೆ ಒಂಬತ್ತು ಅಡಿ ಬೋರ್ಡು

ಅಕ್ಟೋಬರ್ ಬಂದು ಅಲೆ ಮೊಣಕಾಲುದ್ದಕ್ಕೆ ಇಳಿಯಿತೆಂದರೆ ನಮ್ಮ ಸರ್ಫಿಂಗ್ ಗುಂಪಿನಲ್ಲಿ ಒಂದೇ ಮಾತು. “ಬೋರ್ಡು ಅಟ್ಟಕ್ಕೆ ಹಾಕು ಮಾರಾಯ, ಇನ್ನು ಮೇ ತಿಂಗಳಿಗೆ ತೆಗೆದರೆ ಸಾಕು.” 2016ರಲ್ಲಿ ಮಂಗಳೂರಿನ ಹತ್ತಿರದ ನಮ್ಮ ಸಸಿಹಿತ್ಲುವಿನಲ್ಲಿ ಮೊದಲ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದದ್ದೂ ಮೇ ಕೊನೆಗೇ ಅಲ್ವಾ, ಅವರಿಗೆ ಅದೇ ಸಾಕ್ಷಿ. ಕಳೆದ ಸಲ ಅಕ್ಟೋಬರ್‌ನಿಂದ ಮೇ ತನಕ ನಾನು ನೀರಿಗಿಳಿದದ್ದು ಹೆಚ್ಚುಕಡಿಮೆ 110 ಬೆಳಗ್ಗೆ. ಪೂರ್ತಿ ಬರಿಗೈಯಲ್ಲಿ ಬಂದದ್ದು ಇಪ್ಪತ್ತೋ ಇಪ್ಪತ್ತೈದೋ ದಿನ, ಅಷ್ಟೇ.

ಮೊದಲ ಎರಡು ವರ್ಷ ಮಾತ್ರ ಸುಮ್ನೆ ಹಾಳಾಯಿತು. ವಿಡಿಯೋ ನೋಡಿ ನೋಡಿ 5 ಅಡಿ 10 ಇಂಚಿನ ಶಾರ್ಟ್‌ಬೋರ್ಡ್ ತಂದಿದ್ದೆ. ಸೆಕೆಂಡ್ ಹ್ಯಾಂಡ್, 16 ಸಾವಿರ ಇರಬೇಕು. ನನ್ನ ತೂಕ 78 ಕೆಜಿ. ರಟ್ಟೆ ಬಿದ್ದುಹೋಗುವಷ್ಟು ಪ್ಯಾಡಲ್ ಮಾಡಿದರೂ ಅಲೆ ಹೊಟ್ಟೆಯಡಿ ಜಾರಿ ಮುಂದೆ ಹೋಗುತ್ತಿತ್ತು. ಬೋರ್ಡಿನ ಅಡಿಯ ರೆಕ್ಕೆ, ಅಂದರೆ ಫಿನ್, ಬದಲಿಸು ಅಂದರು, ಅದಕ್ಕೆ ನಾಲ್ಕು ಸಾವಿರ. ಆಮೇಲೆ ಫಿಶ್ ಎಂಬ ಗಿಡ್ಡ, ಅಗಲದ ಒಂದು ಬೋರ್ಡು, ಅದನ್ನು ಅರ್ಧ ಬೆಲೆಗೆ ಮಾರಿದೆ. ಕೊನೆಗೆ 35 ಸಾವಿರ ಕೊಟ್ಟು ಒಂಬತ್ತು ಅಡಿಯದ್ದು ತೆಗೆದುಕೊಂಡೆ. ಊರಿಗೆ ತರುವಾಗ ಬಸ್ಸಿನವ ಬೋರ್ಡಿಗೂ ಒಂದು ಸೀಟಿನ ದುಡ್ಡು ಕೇಳಿದ. ಕೊಟ್ಟೆ.

ಬೋರ್ಡು ಅರ್ಧ ಕೆಲಸ. ಇನ್ನರ್ಧ ಸಮಯ. ನಾನೀಗ ಅಲೆಯ ಎತ್ತರ ನೋಡುವುದೇ ಇಲ್ಲ, ಪೀರಿಯಡ್ ನೋಡುತ್ತೇನೆ, ಅಂದರೆ ಒಂದು ಅಲೆಗೂ ಮುಂದಿನದಕ್ಕೂ ನಡುವೆ ಎಷ್ಟು ಸೆಕೆಂಡು ಎಂದು. ಆರು ಸೆಕೆಂಡಿನ ಮೂರು ಅಡಿಗಿಂತ 13 ಸೆಕೆಂಡಿನ ಒಂದೂವರೆ ಅಡಿ ಎಷ್ಟೋ ವಾಸಿ. ದೂರದ ದಕ್ಷಿಣ ಸಮುದ್ರದಿಂದ ಬಂದ ಅಂಥ ಅಲೆ ಮರಳ ದಿಬ್ಬ ತಾಗಿದ ಕೂಡಲೇ ಎದ್ದು ನಿಲ್ಲುತ್ತದೆ. ಗಾಳಿ ದಡದಿಂದ ಬೀಸುವುದು ಒಂಬತ್ತೂವರೆ ತನಕ, ಆಮೇಲೆ ಕಡಲ ಗಾಳಿ ಎದ್ದು ಎಲ್ಲ ಕಲಕಿಬಿಡುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದಲ್ಲ, ಹಾಗಾಗಿ ಬೆಳಗ್ಗೆ ನೀರು ಏರುತ್ತಿರುವ ದಿನಗಳು ಎರಡು ವಾರಕ್ಕೆ ಆರೇಳು. ಆ ದಿನ ಒಂದೂವರೆ ಗಂಟೆ ನನ್ನದು.

ದಿಬ್ಬ ಹುಡುಕಲು ಕಲಿಸಿದ್ದು ಕೈರಂಪಣಿಯ, ಅಂದರೆ ದಡದಿಂದ ಕೈಯಲ್ಲಿ ಬಲೆ ಎಳೆಯುವ ಮೀನುಗಾರಿಕೆಯ, ಒಬ್ಬ ಹಿರಿಯರು. ನೀರಿನಲ್ಲಿ ಕೂತು ದಡ ನೋಡಬೇಕು. ವಾಲಿದ ಒಂದು ತೆಂಗು, ಅದರ ಹಿಂದೆ ಹಂಚಿನ ಮಾಡಿನ ಮೂಲೆ. ಎರಡೂ ಒಂದೇ ಗೆರೆಗೆ ಬಂದರೆ ದಿಬ್ಬ ನನ್ನ ಕೆಳಗೇ ಉಂಟು. ಪ್ರತಿ ಮಳೆಗಾಲಕ್ಕೂ ಮರಳು ಜಾಗ ಬದಲಿಸುತ್ತದೆ, ಹೊಸ ಗುರುತು ಹಿಡಿಯಬೇಕು. ಯಾವ ತೆಂಗು ಎಂದು ಮಾತ್ರ ಕೇಳಬೇಡಿ.

ಒಂದು ಸಲ ಜನವರಿಯಲ್ಲಿ ದುರಾಸೆಯಿಂದ ಇಳಿತ ಶುರುವಾದ ಮೇಲೂ ಕೂತಿದ್ದೆ. ಶಾಂಭವಿ, ನಂದಿನಿ ಎರಡೂ ನದಿಗಳ ನೀರು ಅಳಿವೆಯಲ್ಲಿ ಹೊರಗೆ ಓಡುವ ಹೊತ್ತು. ನೋಡುತ್ತಿದ್ದ ಹಾಗೇ ತೆಂಗು ಒಂದು ಕಡೆ, ಹಂಚು ಒಂದು ಕಡೆ. ಎದುರು ಪ್ಯಾಡಲ್ ಮಾಡಿ ಸುಸ್ತಾಗಿ, ಕೊನೆಗೆ ಬುದ್ಧಿ ಬಂದು ಅಡ್ಡಕ್ಕೆ ಹೋದೆ. ಒಂದು ಕಿಲೋಮೀಟರ್ ತೆಂಕಿಗೆ ದಡ ಸಿಕ್ಕಿತು. ಬಿಸಿ ಮರಳಲ್ಲಿ ಬರಿಗಾಲಲ್ಲಿ ಬೋರ್ಡು ಹೊತ್ತು ವಾಪಸ್.

ನಡುವೆ ಹುಚ್ಚಾಟಗಳೂ ಆದವು. 12 ಎಂಎಂ ಪ್ಲೈವುಡ್‌ನಲ್ಲಿ ಹೊಟ್ಟೆ ಮೇಲೆ ಮಲಗಿ ಹೋಗುವ ಹಲಗೆ ಮಾಡಿದೆ. ಮೂತಿ ಬಗ್ಗಿಸಲು ಆಗಲಿಲ್ಲ, ನೇರ ಮರಳಿಗೆ ಚುಚ್ಚುತ್ತಿತ್ತು. ಈಗ ಕೇರಿಯ ಮಕ್ಕಳು ಅದರಲ್ಲಿ ಜಾರುತ್ತಾರೆ. ಜೇನುಮೇಣ ಕಾಯಿಸಿ, ಕಾಲು ಜಾರದಂತೆ ಬೋರ್ಡಿಗೆ ಹಚ್ಚುವ ವ್ಯಾಕ್ಸ್ ಮನೆಯಲ್ಲೇ ಮಾಡಿದೆ. ಡಿಸೆಂಬರ್‌ಗೆ ಚೆನ್ನಾಗಿತ್ತು, ಏಪ್ರಿಲ್ ಬಿಸಿಲಿಗೆ ಕರಗಿ ಕಾರಿನ ಸೀಟಿಗೆಲ್ಲ ಅಂಟಿತು. ಈಗ ಅದಕ್ಕೆ ಇನ್ನೊಂದು ವಸ್ತು ಸೇರಿಸುತ್ತೇನೆ. ಅದು ನನ್ನಲ್ಲೇ ಇರಲಿ.

ಅಟ್ಟಕ್ಕೆ ಹಾಕು ಎಂದವನೇ ಕಳೆದ ವಾರ ಫೋನ್ ಮಾಡಿದ, ಒಂಬತ್ತು ಅಡಿಯದ್ದು ಎಲ್ಲಾದರೂ ಉಂಟಾ ಎಂದು. ಅದು ಇಲ್ಲ, 5 ಅಡಿ 10 ಇಂಚಿನದ್ದು ಅಟ್ಟದಲ್ಲಿ ಉಂಟು, ಎಂಟು ಸಾವಿರಕ್ಕೆ ಕೊಡ್ತೇನೆ ಎಂದೆ.