ಬೆಟ್ಟದ ಮೇಲೆ ದೊಡ್ಡ ಜೆಟ್: 110 ಸಿಸಿ ಎಟಿವಿ ಟ್ಯೂನಿಂಗ್, ನನ್ನ ಅನುಭವ

ಮಡಿಕೇರಿ ಕಡೆ ಯಾವ ಗ್ಯಾರೇಜಿಗೆ ಹೋದರೂ ಒಂದೇ ಮಾತು: "ಮೇಲೆ ಗಾಳಿ ತೆಳು, ಜೆಟ್ ಸಣ್ಣದು ಹಾಕಿ." ಜೆಟ್ ಅಂದರೆ ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಹರಿಯುವ ಸಣ್ಣ ತೂತಿನ ತಿರುಪು. ನಾನು ಹಾಕಿದ್ದು ದೊಡ್ಡದು. 75 ಇದ್ದ ಜಾಗಕ್ಕೆ 82. ಪ್ಲಗ್ ಕಪ್ಪಾಗುತ್ತೆ, ಬಂಕ್‌ನವರಿಗೆ ಹಬ್ಬ ಅಂತ ನಕ್ಕವರೇ ಈಗ ಜೆಟ್ ನಂಬರ್ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡೋಣ ಅಂತ.

ಗಾಡಿ ಚೀನಾದ 110 ಸಿಸಿ ಎಟಿವಿ, ನಾಲ್ಕು ದಪ್ಪ ಚಕ್ರದ್ದು. ಮಲಗಿದ 152ಎಫ್‌ಎಂಎಚ್ ಎಂಜಿನ್, ಬೋರ್ (ಸಿಲಿಂಡರ್ ಅಗಲ) 52.4 ಎಂಎಂ, ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 49.5 ಎಂಎಂ, ಅಂದರೆ ಲೆಕ್ಕಕ್ಕೆ 107 ಸಿಸಿ. ಮೂರು ಗೇರ್, ಒಂದು ರಿವರ್ಸ್, ಎಂಜಿನ್ ವೇಗ ಏರಿದಾಗ ತಾನೇ ಹಿಡಿಯುವ ಸೆಂಟ್ರಿಫ್ಯೂಗಲ್ ಕ್ಲಚ್, ಪಿಝಡ್19 ಕಾರ್ಬ್ಯುರೇಟರ್. ರೆಸಾರ್ಟಿನಲ್ಲಿ ಬಾಡಿಗೆಗೆ ಕೊಡುತ್ತಾರಲ್ಲ, ಅದೇ ಜಾತಿ. ನಮ್ಮಲ್ಲಿ ತೋಟದೊಳಗೆ ಮೂಟೆ, ಪೈಪು, ಸ್ಪ್ರೇ ಕ್ಯಾನ್ ಹೊರುವ ಕೆಲಸ. ರೋಡಿಗಿಳಿಸುವ ಗಾಡಿಯಲ್ಲ.

ಮೊದಲು ಜೆಟ್ ಲೆಕ್ಕ. ಸುಮಾರು 1,100 ಮೀಟರ್ ಎತ್ತರದಲ್ಲಿ ಗಾಳಿ ಹತ್ತು ಪರ್ಸೆಂಟ್ ತೆಳು. ಅದರಿಂದ ಮಿಶ್ರಣ ರಿಚ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ) ಆಗುವುದು ಐದಾರು ಪರ್ಸೆಂಟ್ ಮಾತ್ರ, ಯಾಕೆಂದರೆ ಗಾಳಿ ತೆಳುವಾದಾಗ ಜೆಟ್ಟಿನಿಂದ ಎಳೆಯುವ ಬಲವೂ ಇಳಿಯುತ್ತದೆ. ಹಳೇ ಪೆಟ್ರೋಲ್ ಇದ್ದಾಗ ಮೆಕ್ಯಾನಿಕ್‌ಗಳು ಹೇಳಿದ್ದು ಸರಿಯೇ. ಈಗ ಬಂಕ್‌ನಲ್ಲಿ ಬರುವುದು ಇ20, ಅಂದರೆ ಇಪ್ಪತ್ತು ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲ್. ಬರೀ ಪೆಟ್ರೋಲ್‌ಗೆ ಒಂದಕ್ಕೆ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಅಂದರೆ ಅದೇ ಜೆಟ್ಟಿನಲ್ಲಿ ಎಂಟು ಪರ್ಸೆಂಟ್ ಲೀನ್, ರಿಚ್‌ನ ಉಲ್ಟಾ. ಬೆಟ್ಟ ಕೊಟ್ಟದ್ದನ್ನೆಲ್ಲ ಎಥೆನಾಲ್ ತಿಂದು ಇನ್ನೂ ಸ್ವಲ್ಪ ಸಾಲ ಉಳಿಸುತ್ತದೆ. ಮೇಲಿಂದ ಈ ಗಾಡಿಗಳು ಹೊಗೆ ಪರೀಕ್ಷೆಗೋಸ್ಕರ ಫ್ಯಾಕ್ಟರಿಯಿಂದಲೇ ಲೀನ್ ಆಗಿ ಬರುತ್ತವೆ.

ಆದರೆ ಜೆಟ್ಟಿಗೆ ಕೈ ಹಾಕುವ ಮುಂಚೆ ಗಾಳಿ ಲೀಕ್ ನೋಡಿ. ಪಿಝಡ್19ರ ಕಾಯಿಲೆಯೇ ಅದು. ಎರಡು ಬೋಲ್ಟ್‌ಗಳನ್ನು ಯಾರೋ ಜೋರಾಗಿ ಬಿಗಿದಿರುತ್ತಾರೆ, ಎಂಜಿನ್ ಕಡೆ ಕೂರುವ ಚಪ್ಪಟೆ ಮುಖ, ಅಂದರೆ ಫ್ಲ್ಯಾಂಜ್, ಬಾಗಿರುತ್ತದೆ, ಓ-ರಿಂಗ್ ಎಷ್ಟು ಹೊಸದು ಹಾಕಿದರೂ ಗಾಳಿ ಎಳೆಯುತ್ತದೆ. ಐಡ್ಲಿಂಗ್‌ನಲ್ಲಿ ಜೋಡಣೆಗೆ ಸೋಪಿನ ನೀರು ಹಚ್ಚಿ. ಎಂಜಿನ್ ಸದ್ದು ಬದಲಾದರೆ ಅಲ್ಲೇ ಲೀಕ್. ದಪ್ಪ ಗಾಜಿನ ಮೇಲೆ 400 ನಂಬರ್ ಎಮರಿ ಪೇಪರ್ ಇಟ್ಟು ಫ್ಲ್ಯಾಂಜನ್ನು ಎಂಟರ ಆಕಾರದಲ್ಲಿ ಉಜ್ಜಿ, ಹೊಳಪು ಎಲ್ಲ ಕಡೆ ಸಮ ಬರುವ ತನಕ. ಕಾರ್ಬ್ಯುರೇಟರ್, ಎಂಜಿನ್ ನಡುವಿನ ಕಪ್ಪು ಸ್ಪೇಸರ್‌ನ ಎರಡೂ ಬದಿಯನ್ನೂ. ಇದಿಲ್ಲದೆ ಜೆಟ್ ಬದಲಿಸುತ್ತಾ ಕೂತರೆ ವರ್ಷ ಕಳೆದರೂ ಐಡ್ಲಿಂಗ್ ನಿಲ್ಲುವುದಿಲ್ಲ.

ಆಮೇಲೆ ಸೈಲೆನ್ಸರ್ ಬೆಂಡ್ ಪೈಪ್ ಬಿಚ್ಚಿ ಹೆಡ್ ಕಡೆಯ ಬಾಯಿ ನೋಡಿ. ಮಕ್ಕಳ ಗಾಡಿ ಅಂತ ಒಳಗೆ ಒಂದು ವಾಷರ್ ವೆಲ್ಡ್ ಮಾಡಿರುತ್ತಾರೆ, ಬೆರಳು ಹೋಗದಷ್ಟು ತೂತು. ಅದನ್ನು ಕೊರೆದು ತೆಗೆದೆ. ಹೆಬ್ಬೆರಳಿನ ಆಕ್ಸಿಲರೇಟರ್ ಪಕ್ಕದ ಲಿಮಿಟ್ ಸ್ಕ್ರೂ ಪೂರ್ತಿ ಹಿಂದಕ್ಕೆ. ಎಕ್ಸಾಸ್ಟಿಗೆ ಗಾಳಿ ಕೊಡುವ ಸಣ್ಣ ಪೈಪ್ ಇದ್ದರೆ ಟ್ಯೂನ್ ಮಾಡುವಾಗಲಾದರೂ ಮುಚ್ಚಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಪಟಪಟ ಹೊಡೆದು ಲೀನ್ ಅಂತ ನಂಬಿಸುತ್ತದೆ.

ಜೆಟ್ ಪ್ಯಾಕೆಟ್ ಆನ್‌ಲೈನಲ್ಲಿ ಆರುನೂರು ರೂಪಾಯಿ ಆಸುಪಾಸು. ಮೇಲೆ ಕೊರೆದ ನಂಬರನ್ನು ಕಣ್ಣು ಮುಚ್ಚಿ ನಂಬಬೇಡಿ. ನನಗೆ ಬಂದ ಎರಡು "80"ಗಳಲ್ಲಿ ಒಂದು 78ಕ್ಕಿಂತ ಕಡಿಮೆ ಹರಿಸುತ್ತಿತ್ತು. ದೊಡ್ಡ ಸಿರಿಂಜ್‌ಗೆ ರಬ್ಬರ್ ಪೈಪ್ ಸಿಕ್ಕಿಸಿ, ತುದಿಗೆ ಜೆಟ್ ಕೂರಿಸಿ, ಸೀಮೆಎಣ್ಣೆ ತುಂಬಿ ಎರಡು ಗೆರೆಗಳ ನಡುವೆ ಇಳಿಯುವ ಸಮಯ ಹಿಡಿಯಿರಿ. ಅಳತೆ ಎಷ್ಟೆಂದು ಮುಖ್ಯವಲ್ಲ, ಸಾಲಾಗಿ ಜೋಡಿಸಿಕೊಳ್ಳಲು ಸಾಕು. ನಂಬರ್ ಅಂದರೆ ತೂತಿನ ವ್ಯಾಸ, ಹರಿವು ಅದರ ವರ್ಗಕ್ಕೆ ಏರುತ್ತದೆ ಅನ್ನುವುದೂ ನೆನಪಿರಲಿ: 75ರಿಂದ 78 ಅಂದರೆ ನಾಲ್ಕಲ್ಲ, ಎಂಟು ಪರ್ಸೆಂಟ್.

ಮೇನ್ ಜೆಟ್ (75, 82 ಅಂದದ್ದು ಇದನ್ನೇ) ಪರೀಕ್ಷೆಯನ್ನು ನಿಂತ ಗಾಡಿಯಲ್ಲಿ ರೇಸ್ ಕೊಟ್ಟು ಮಾಡಿದರೆ ಪ್ರಯೋಜನವಿಲ್ಲ. ಮೂಟೆ ಹಾಕಿ, ಎರಡನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಏರು ಹತ್ತಿಸಿ. ಸ್ವಲ್ಪ ಬಿಟ್ಟಾಗ ಎಳೆತ ಜಾಸ್ತಿಯಾದರೆ, ಅಥವಾ ಅರೆ ಚೋಕ್ ಎಳೆದಾಗ ಜೀವ ಬಂದರೆ, ಲೀನ್. 75ರಲ್ಲಿ ಎರಡೂ ಆಯಿತು. 78ರಲ್ಲಿ ಚೋಕ್ ಎಳೆದರೆ ಇನ್ನೂ ಚುರುಕು. 86ರಲ್ಲಿ ಬ್ಲಬ್ ಬ್ಲಬ್ ಅಂತ ಮಿಸ್ ಹೊಡೆಯಿತು. 82ರಲ್ಲಿ ಚೋಕ್ ಮುಟ್ಟಿದರೆ ಎಳೆತ ಬಿತ್ತು, ಅಲ್ಲಿಗೆ ನಿಲ್ಲಿಸಿದೆ.

ಪ್ಲಗ್ ಬಣ್ಣದ ಬಗ್ಗೆ ಒಂದು ಮಾತು. ಎನ್‌ಜಿಕೆ ಸಿ7ಎಚ್‌ಎಸ್‌ಎ, ಗ್ಯಾಪ್ 0.6ರಿಂದ 0.7 ಎಂಎಂ. ಇ20ಯಲ್ಲಿ ಪ್ಲಗ್ ಮುಂಚಿನದಕ್ಕಿಂತ ಬಿಳಿಯೇ ಇರುತ್ತದೆ, ಮಸಿ ಕಡಿಮೆ ಬಿಡುತ್ತದೆ. ಹಳೇ ಕಾಫಿ ಬಣ್ಣಕ್ಕೆ ತರಬೇಕೆಂದು ಹಠ ಹಿಡಿದರೆ ವಿಪರೀತ ರಿಚ್ ಆಗುತ್ತದೆ. ಏರಿನಲ್ಲೇ ಕಿಲ್ ಸ್ವಿಚ್ ಒತ್ತಿ, ನ್ಯೂಟ್ರಲ್ ಮಾಡಿ, ಬ್ರೇಕ್ ಹಿಡಿದು ನಿಲ್ಲಿಸಿ ಪ್ಲಗ್ ಬಿಚ್ಚಿ. ಪಿಂಗಾಣಿಯ ತುದಿಯಲ್ಲ, ತಳದಲ್ಲಿರುವ ಮಸಿ ಉಂಗುರ ನೋಡಿ. ಅದಕ್ಕಿಂತ ನಂಬಿಕೆಯದ್ದು ಟೆಂಪರೇಚರ್ ಗನ್. ಪ್ಲಗ್ ಬುಡದಲ್ಲಿ ಅದೇ ಏರಿನ ಕೊನೆಗೆ ಮೊದಲು 200 ಡಿಗ್ರಿ ದಾಟುತ್ತಿತ್ತು, ಈಗ 170 ಆಸುಪಾಸು.

ಆಕ್ಸಿಲರೇಟರ್ ಒತ್ತಿದಾಗ ಸ್ಲೈಡಿನ ಜೊತೆ ಮೇಲೇಳುವ ನೀಡಲ್‌ನಲ್ಲಿ ಕ್ಲಿಪ್ ಕೂರುವ ಕಚ್ಚುಗಳಿಲ್ಲದಿದ್ದರೆ ಅರ್ಧ ಎಂಎಂ ವಾಷರ್ ಕೆಳಗಿಟ್ಟು ಎತ್ತಿಕೊಳ್ಳಬಹುದು, ಅರ್ಧ ಆಕ್ಸಿಲರೇಟರ್‌ನ ಮುಕ್ಕುವಿಕೆ ಅದರಿಂದಲೇ ಹೋಗುತ್ತದೆ. ಸ್ಲೈಡಿಗೂ ಒಂದು ಸಣ್ಣ ಕೆಲಸ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮಿಕ್ಸ್ಚರ್ ಸ್ಕ್ರೂ ಫಿಲ್ಟರ್ ಕಡೆಗಿದ್ದರೆ ಬಿಚ್ಚಿದಷ್ಟೂ ಲೀನ್, ಎಂಜಿನ್ ಕಡೆಗಿದ್ದರೆ ಬಿಚ್ಚಿದಷ್ಟೂ ರಿಚ್. ಒಂದೂವರೆ ಸುತ್ತಿನಿಂದ ಶುರು ಮಾಡಿ. ಐಡ್ಲಿಂಗ್ 1,500 ದಾಟಿಸಬೇಡಿ: ಕ್ಲಚ್ ಅರ್ಧ ಹಿಡಿದು ಗಾಡಿ ತೆವಳುತ್ತದೆ, ರಿವರ್ಸ್ ಹಾಕುವಾಗ ಗೇರ್ ಕಡಿಯುತ್ತದೆ.

ದುಡ್ಡು ಹೋದ ಕಡೆಗಳು. 26 ಎಂಎಂ ಕಾರ್ಬ್ಯುರೇಟರ್, ಎರಡು ಸಾವಿರದ ಇನ್ನೂರೋ ಏನೋ. 107 ಸಿಸಿಗೆ ಅಷ್ಟು ದೊಡ್ಡ ಬಾಯಿ ಕೊಟ್ಟರೆ ಕಡಿಮೆ ಆರ್‌ಪಿಎಮ್‌ನಲ್ಲಿ ಗಾಳಿಯ ವೇಗವೇ ಇರುವುದಿಲ್ಲ, ಪೆಟ್ರೋಲ್ ಎದ್ದು ಬರುವುದಿಲ್ಲ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಮುಗ್ಗರಿಸಿ ಆಫ್. ತೋಟದ ಗಾಡಿಗೆ ಬೇಕಿರುವುದು ತಳದ ಎಳೆತ. "ರೇಸಿಂಗ್" ಸಿಡಿಐ (ಪ್ಲಗ್‌ಗೆ ಕಿಡಿ ಕೊಡುವ ಪೆಟ್ಟಿಗೆ) ಎಂಟುನೂರು: ಆರ್‌ಪಿಎಮ್ ಲಿಮಿಟ್ ಮಾತ್ರ ತೆಗೆದಿದ್ದಾರೆ, ಟೈಮಿಂಗ್ ಅದೇ. ಅಷ್ಟು ಆರ್‌ಪಿಎಮ್ ಯಾರಿಗೆ ಬೇಕು? ಕೊನೆಯದು ಕಾರ್ಬ್ಯುರೇಟರ್ ಬಾಯಿಗೇ ಸಿಕ್ಕಿಸುವ ಪಾಡ್ ಫಿಲ್ಟರ್. ಕೊಯ್ಲಿನ ಸಮಯದ ಕೆಂಪು ಧೂಳು ಜಾಲರಿಯಲ್ಲಿ ಸಲೀಸಾಗಿ ನುಗ್ಗಿ ರಿಂಗ್ ಸವೆಸಿತು, ನೀಲಿ ಹೊಗೆ. ರಿಂಗ್, ಹೋನಿಂಗ್ ಸೇರಿ ಸಾವಿರದ ನಾನೂರು. ಈಗ ಎಣ್ಣೆ ಹಾಕಿ ಹಿಂಡಿದ ಫೋಮ್ ಫಿಲ್ಟರ್, ಧೂಳಿನ ಕಾಲದಲ್ಲಿ ವಾರಕ್ಕೊಮ್ಮೆ ತೊಳೆತ. ಹೀಗೆ ನೀರಿಗೆ ಹೋದದ್ದು ಐದು ಸಾವಿರದ ಹತ್ತಿರ. ಕೆಲಸಕ್ಕೆ ಬಂದದ್ದು ಟೆಂಪರೇಚರ್ ಗನ್ ಸೇರಿಸಿದರೂ ಮೂರು ಸಾವಿರ ಚಿಲ್ಲರೆ.

ಎಂಜಿನ್ ಒಳಗೆ ಮಾಡಿದ್ದು ಹೆಚ್ಚಿಲ್ಲ. ರಿಂಗ್ ಹಾಕಲು ಹೇಗೂ ಬಿಚ್ಚಿದ್ದೆವು, ಲೇತ್‌ನಲ್ಲಿ ಹೆಡ್‌ನಿಂದ ಅರ್ಧ ಎಂಎಂ ತೆಗೆಸಿದೆ. ಕಂಪ್ರೆಷನ್ 9ರಿಂದ 9.7ರ ಹತ್ತಿರ ಬಂದಿರಬೇಕು. ಇ20ಗೆ ನಾಕಿಂಗ್ ತಡೆಯುವ ಗುಣ ಇದೆ, ಅದನ್ನು ಇಲ್ಲಿ ವಸೂಲಿ ಮಾಡಿಕೊಂಡೆ. ಏರಿನಲ್ಲಿ ಟಿಣ್ ಟಿಣ್ ಇಲ್ಲ. ಹೆಡ್ ಇಳಿದಷ್ಟು ಚೈನ್ ಸಡಿಲಾಗಿ ಕ್ಯಾಮ್ ಎರಡು ಡಿಗ್ರಿಯಷ್ಟು ಹಿಂದೆ ಬೀಳುತ್ತದೆ. ಅಷ್ಟಕ್ಕೆ ಏನೂ ಆಗುವುದಿಲ್ಲ, ಒಂದು ಎಂಎಂ ತೆಗೆಸುವವರು ಮಾತ್ರ ವಾಲ್ವ್ ಪಿಸ್ಟನ್‌ಗೆ ತಾಗುತ್ತದೆಯೇ ಅಂತ ಪಿಸ್ಟನ್ ಮೇಲೆ ಮಕ್ಕಳಾಡುವ ಮಾಡೆಲಿಂಗ್ ಕ್ಲೇ ಇಟ್ಟು, ಎಂಜಿನ್ ಕೈಯಲ್ಲಿ ತಿರುಗಿಸಿ ನೋಡಿ. ವಾಲ್ವ್ ಗ್ರೈಂಡಿಂಗ್ ಕೈಯಲ್ಲೇ. ಟ್ಯಾಪೆಟ್ (ವಾಲ್ವ್ ಸಂದು) ಎರಡೂ 0.05 ಎಂಎಂ, ತಣ್ಣಗಿರುವಾಗ.

ಇದೆಲ್ಲದರ ನಡುವೆ ಮಾಡಿದ ಪುಕ್ಕಟೆ ಪ್ರಯೋಗ ಒಂದು: ಟಯರ್ ಗಾಳಿ. ಬೈಕಿನ ಗೇಜ್ ಹತ್ತರ ಕೆಳಗೆ ಸರಿಯಾಗಿ ತೋರಿಸುವುದಿಲ್ಲ, ಲೋ ಪ್ರೆಷರ್ ಗೇಜ್ ಬೇಕು. 3 ಪಿಎಸ್‌ಐಗೆ ಇಳಿಸಿದಾಗ ಒದ್ದೆ ಎಲೆಯ ಮೇಲಿನ ಜಾರಾಟ ಅರ್ಧಕ್ಕರ್ಧ ಹೋಯಿತು. ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿದ್ದೂ ಲಾಭವೇ. ಮೊದಲು ಫಸ್ಟ್ ಗೇರಿನಲ್ಲಿ ಏದುಸಿರು ಬಿಡುತ್ತಿದ್ದ ಏರನ್ನು ಈಗ ಒಂದು ಮೂಟೆ ಹೊತ್ತು ಸೆಕೆಂಡಿನಲ್ಲೇ ಹತ್ತುತ್ತದೆ. ಪೆಟ್ರೋಲ್ ಖರ್ಚು ಹೆಚ್ಚಾಗಿಲ್ಲ, ಆಕ್ಸಿಲರೇಟರ್ ಪೂರ್ತಿ ಒತ್ತುವ ಅಗತ್ಯವೇ ಕಡಿಮೆಯಾಗಿದೆ.

ಮಳೆಗಾಲದಲ್ಲಿ ನಿಲ್ಲಿಸುವಾಗ ಪೆಟ್ರೋಲ್ ನಲ್ಲಿ ಮುಚ್ಚಿ, ಕಾರ್ಬ್ಯುರೇಟರ್ ಬೌಲಿನ ಡ್ರೈನ್ ಸ್ಕ್ರೂ ಬಿಚ್ಚಿ ಖಾಲಿ ಮಾಡಿ. ಎಥೆನಾಲ್ ನೀರು ಹೀರಿ ಬೌಲಿನೊಳಗೆ ಬಿಳಿ ಹಿಟ್ಟು ಕಟ್ಟುತ್ತದೆ, ಮೊದಲು ಮುಚ್ಚುವುದು ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್. ಅದರ ತೂತಿಗೆ ಉಕ್ಕಿನ ಸೂಜಿ ಹಾಕಬೇಡಿ, ವೈರಿನ ಒಂದೇ ಒಂದು ತಾಮ್ರದ ಎಳೆ ಸಾಕು. ಸುಳ್ಯ, ಪುತ್ತೂರು ಕಡೆಯ ಅಡಿಕೆ ತೋಟದವರು ನನ್ನ 82 ಹಾಗೇ ಹಾಕಿಕೊಳ್ಳಬೇಡಿ. ಅಲ್ಲಿ ಬೆಟ್ಟದ ಆ ಐದಾರು ಪರ್ಸೆಂಟ್ ಸಿಗುವುದಿಲ್ಲ, 85ರಿಂದ ಶುರು ಮಾಡಿ ಕೆಳಗಿಳಿಯಿರಿ.